ಘಾನಾಗಾ, ಸೆನೆಗಲ್‌ಗಾ? ಪಶ್ಚಿಮ ಆಫ್ರಿಕಾಗೆ ಮೊದಲ ಸಲ ಹೊರಟವರಿಗೆ

ಆಫ್ರಿಕಾ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೀನ್ಯಾ, ಟಾಂಜಾನಿಯಾ, ಜೀಪು, ಸಿಂಹ. ಪಶ್ಚಿಮದ ಕಡೆ ಹೋಗುವವರು ಕಡಿಮೆ. ಮನಸ್ಸು ಮಾಡಿದವರು ಕೇಳುವುದು ಒಂದೇ: ಘಾನಾಗೆ ಹೋಗೋದಾ, ಸೆನೆಗಲ್‌ಗೆ ಹೋಗೋದಾ? ನಾನು ಕೆಲಸದ ಮೇಲೆ ಎರಡು ವರ್ಷ ಘಾನಾದ ರಾಜಧಾನಿ ಅಕ್ರಾದಲ್ಲಿದ್ದೆ. ಸೆನೆಗಲ್‌ನ ರಾಜಧಾನಿ ಡಕಾರ್‌ಗೆ ಎರಡು ಸಲ ಹೋಗಿ ಬಂದಿದ್ದೇನೆ. ಹಾಗಾಗಿ ನನ್ನ ತಕ್ಕಡಿ ಸ್ವಲ್ಪ ಘಾನಾ ಕಡೆ ವಾಲಿರಬಹುದು, ಮೊದಲೇ ಹೇಳಿಬಿಡುತ್ತೇನೆ.

ಎರಡನ್ನೂ ಒಂದೇ ರಜೆಯಲ್ಲಿ ಮುಗಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮ್ಯಾಪಿನಲ್ಲಿ ಪಕ್ಕಪಕ್ಕ ಕಂಡರೂ ಅಕ್ರಾದಿಂದ ಡಕಾರ್‌ಗೆ ನೇರ ಗೆರೆ ಎಳೆದರೇ 2,000 ಕಿ.ಮೀ.ಗೂ ಜಾಸ್ತಿ. ಹತ್ತು ದಿನದ ರಜೆಗೆ ಒಂದೇ ದೇಶ ಸಾಕು.

ಮೊದಲು ಭಾಷೆ

ನನ್ನ ಪ್ರಕಾರ ಈ ಆಯ್ಕೆ ನಿಂತಿರುವುದು ನೋಡುವ ಜಾಗಗಳ ಮೇಲಲ್ಲ, ಭಾಷೆಯ ಮೇಲೆ. ಘಾನಾವನ್ನು ಬ್ರಿಟಿಷರು ಗೋಲ್ಡ್ ಕೋಸ್ಟ್ ಅನ್ನುವ ಹೆಸರಲ್ಲಿ ಆಳಿದರು. 1957ರ ಮಾರ್ಚ್ 6ಕ್ಕೆ ಅದು ಸ್ವತಂತ್ರವಾಯಿತು. ಆಡಳಿತದ ಭಾಷೆ ಇವತ್ತಿಗೂ ಇಂಗ್ಲಿಷ್. ಮನೆಯಲ್ಲಿ ಟ್ವಿ, ಗಾ, ಎವೆ, ದಗ್ಬಾನಿ ಅಂತ ಏನೇ ಮಾತಾಡಿದರೂ ಅಂಗಡಿ, ಬಸ್ಸು, ಔಷಧಿ ಅಂಗಡಿ, ಪೊಲೀಸು ಎಲ್ಲ ಕಡೆ ಇಂಗ್ಲಿಷ್ ನಡೆಯುತ್ತದೆ. ಅವರ ಉಚ್ಚಾರಣೆಗೆ ಕಿವಿ ಹೊಂದಿಕೊಳ್ಳಲು ಎರಡು ದಿನ ಬೇಕು, ಅಷ್ಟೇ.

ಸೆನೆಗಲ್‌ನಲ್ಲಿ ಫ್ರೆಂಚ್. ಅದರ ಕೆಳಗೆ, ನಿಜವಾಗಿ ಬೀದಿ ನಡೆಸುವ ಭಾಷೆ ವೊಲೊಫ್. ದೊಡ್ಡ ಹೋಟೆಲಿನಲ್ಲಿ ಇಂಗ್ಲಿಷ್ ಸಿಗುತ್ತದೆ, ಟ್ಯಾಕ್ಸಿಯಲ್ಲಿ ಸಿಗುವುದು ಅದೃಷ್ಟ. ಫೋನಿನಲ್ಲಿ ಅನುವಾದದ ಆ್ಯಪ್ ಇದೆಯಲ್ವಾ ಅಂತೀರಿ. ಇದೆ. ಆದರೆ ಜ್ವರ ಬಂದ ರಾತ್ರಿ ಡಾಕ್ಟರ ಹತ್ತಿರ ಆ್ಯಪ್ ಹಿಡಿದು ಮಾತಾಡುವುದು ಬೇರೆ ಮಾತು. ಅಪ್ಪ ಅಮ್ಮನನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುವವರಾದರೆ ಇಲ್ಲಿಗೇ ತೀರ್ಮಾನ ಮಾಡಿ: ಘಾನಾ. ಒಬ್ಬರೇ ಹೋಗುವವರು, ಇಬ್ಬರು ಸ್ನೇಹಿತರು, ಸ್ವಲ್ಪ ಫ್ರೆಂಚ್ ಕಲಿತವರು ಮುಂದೆ ಓದಿ.

ಎರಡೂ ಕಡೆ ಒಂದು ಪಾಠ ಮಾತ್ರ ಒಂದೇ. ದಾರಿ ಕೇಳುವ ಮುಂಚೆ ನಮಸ್ಕಾರ ಹೇಳಬೇಕು. ನೇರವಾಗಿ "ಬಸ್ ಸ್ಟಾಂಡ್ ಎಲ್ಲಿ" ಅಂದರೆ ಮುಖ ಗಂಟಿಕ್ಕುತ್ತಾರೆ. ಘಾನಾದಲ್ಲಿ ಒಂದು ಗುಡ್ ಮಾರ್ನಿಂಗ್ ಸಾಕು. ಸೆನೆಗಲ್‌ನಲ್ಲಿ "ಸಲಾಮ್ ಅಲೈಕುಮ್", ಆಮೇಲೆ "ನಾಂಗಾ ಡೆಫ್" ಅಂದರೆ ಹೇಗಿದ್ದೀರಿ, ಅದಕ್ಕೆ ಉತ್ತರ "ಮಾಂಗಿ ಫಿ", ಅಂದರೆ ಇಲ್ಲೇ ಇದ್ದೀನಿ. ಇಷ್ಟಾದ ಮೇಲೆ ದಾರಿ. ಊರ ಕಡೆ "ಚೆನ್ನಾಗಿದ್ದೀರಾ, ಊಟ ಆಯ್ತಾ" ಅಂತ ಶುರು ಮಾಡುವ ನಮಗೆ ಇದೇನೂ ಕಷ್ಟ ಅಲ್ಲ.

ಚುಚ್ಚುಮದ್ದು ಮತ್ತು ವೀಸಾ

ಹಳದಿ ಜ್ವರದ ಲಸಿಕೆ ವಿಷಯದಲ್ಲಿ ಜನ ಎಡವುತ್ತಾರೆ, ನಾನೂ ಎಡವಿದೆ. ಘಾನಾದಲ್ಲಿ ಇಳಿದ ಕೂಡಲೇ ಹಳದಿ ಕಾರ್ಡ್, ಅಂದರೆ ಲಸಿಕೆ ಹಾಕಿಸಿದ ಪ್ರಮಾಣಪತ್ರ ತೋರಿಸಬೇಕು, ಎಲ್ಲರೂ. ಸೆನೆಗಲ್ ಕೇಳುವುದು ಹಳದಿ ಜ್ವರ ಇರುವ ದೇಶದಿಂದ ಬಂದವರನ್ನು ಮಾತ್ರ. ಇದನ್ನು ಓದಿ "ಹಾಗಾದರೆ ಸೆನೆಗಲ್‌ಗೆ ಬೇಡ" ಅಂದುಕೊಳ್ಳಬೇಡಿ. ಎರಡು ದೇಶಗಳಲ್ಲೂ ಆ ಜ್ವರ ಇದೆ. ಅಲ್ಲಿಂದ ಭಾರತಕ್ಕೆ ವಾಪಸ್ ಬರುವಾಗ ಕಾರ್ಡ್ ಇಲ್ಲದಿದ್ದರೆ ನಮ್ಮವರೇ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಅಂದರೆ ಇದರಲ್ಲಿ ಆಯ್ಕೆಯೇ ಇಲ್ಲ.

ಲಸಿಕೆ ಹಾಕಿಸಿ 10 ದಿನ ಆದ ಮೇಲೆ ಕಾರ್ಡ್‌ಗೆ ಬೆಲೆ. ನನ್ನ ಏಜೆಂಟರು "ಹಿಂದಿನ ದಿನ ಹಾಕಿಸಿದರೂ ನಡೆಯುತ್ತೆ ಸಾರ್" ಅಂದಿದ್ದರು. ನಂಬಿದೆ. ಟಿಕೆಟ್ ಮುಂದಕ್ಕೆ ಹಾಕಿಸಿದ ದಂಡ ಕಟ್ಟಿದವನು ನಾನು. ಎಲ್ಲ ಆಸ್ಪತ್ರೆಯಲ್ಲೂ ಈ ಲಸಿಕೆ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಪಾಸ್‌ಪೋರ್ಟ್ ತೆಗೆದುಕೊಂಡು, ಒಂದು ತಿಂಗಳು ಮುಂಚೆಯೇ ಹೋಗಿ. ಒಂದು ಸಲ ಹಾಕಿಸಿಕೊಂಡರೆ 2016ರಿಂದ ಈಚೆಗೆ ಅದು ಜೀವನಪೂರ್ತಿ ನಡೆಯುತ್ತದೆ. ಮಲೇರಿಯಾ ಮಾತ್ರೆ ಬಗ್ಗೆಯೂ ಡಾಕ್ಟರನ್ನು ಕೇಳಿ. ಘಾನಾದಲ್ಲಿ ವರ್ಷವಿಡೀ ಮಲೇರಿಯಾ ಇರುತ್ತದೆ, ಸೆನೆಗಲ್‌ನಲ್ಲಿ ಮಳೆಗಾಲಕ್ಕೆ ಜಾಸ್ತಿ.

ಘಾನಾಗೆ ವೀಸಾ ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ. ಕಾಮನ್‌ವೆಲ್ತ್ ದೇಶ ಆದ್ದರಿಂದ ದೆಹಲಿಯಲ್ಲಿರುವುದು ರಾಯಭಾರ ಕಚೇರಿ ಅಲ್ಲ, ಹೈ ಕಮಿಷನ್. ಸೆನೆಗಲ್ 2013ರಲ್ಲಿ ಹೊಸ ವೀಸಾ ನಿಯಮ ತಂದು 2015ರಲ್ಲಿ ಅದನ್ನೇ ಕೈಬಿಟ್ಟಿತು. ಹೀಗೆ ಬದಲಾಗುವ ವಿಷಯವನ್ನು ಯಾರೋ ಹೇಳಿದ್ದನ್ನು ನಂಬಿ ಟಿಕೆಟ್ ತೆಗೆಯಬೇಡಿ. ದೆಹಲಿಯ ಕಚೇರಿಗೆ ಒಂದು ಮೇಲ್ ಹಾಕಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ.

ಬೆಂಗಳೂರಿನಿಂದ ಎರಡಕ್ಕೂ ನೇರ ವಿಮಾನ ಇಲ್ಲ. ದುಬೈ ಅಥವಾ ಅಡಿಸ್ ಅಬಾಬಾದಲ್ಲಿ ಬದಲಾಯಿಸಬೇಕು. ಡಕಾರ್ ಇರುವುದು ಆಫ್ರಿಕಾ ಖಂಡದ ಪಶ್ಚಿಮದ ಕಟ್ಟಕಡೆಯಲ್ಲಿ. ಹಾಗಾಗಿ ಪ್ರಯಾಣ ಇನ್ನೂ ಕೆಲವು ಗಂಟೆ ಉದ್ದ.

ಯಾವಾಗ ಹೋಗೋದು

ಅಕ್ರಾ ಅಂದರೆ ಮಂಗಳೂರಿನ ಸೆಖೆ, ಆದರೆ ಮಂಗಳೂರಿನ ಮಳೆ ಇಲ್ಲ. ವರ್ಷಕ್ಕೆ ಸುಮಾರು 800 ಮಿ.ಮೀ., ಬೆಂಗಳೂರಿಗಿಂತಲೂ ಕಡಿಮೆ. ದಕ್ಷಿಣ ಘಾನಾದಲ್ಲಿ ಎರಡು ಮಳೆಗಾಲ: ಏಪ್ರಿಲ್‌ನಿಂದ ಜೂನ್‌ವರೆಗೆ ದೊಡ್ಡದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಚಿಕ್ಕದು. ಜೂನ್‌ನಲ್ಲಿ ಚರಂಡಿ ತುಂಬಿ ಅಕ್ರಾದ ರಸ್ತೆಗಳೇ ಹೊಳೆಯಾಗುತ್ತವೆ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಆದರೆ ಡಿಸೆಂಬರ್-ಫೆಬ್ರವರಿಯಲ್ಲಿ ಸಹಾರಾ ಕಡೆಯಿಂದ ಹರ್ಮಟ್ಟಾನ್ ಗಾಳಿ ಬೀಸುತ್ತದೆ. ಆಕಾಶ ಬೂದಿ ಬಣ್ಣ, ತುಟಿ ಒಡೆಯುತ್ತದೆ, ಮನೆಯ ಪ್ರತಿ ಮೇಜಿನ ಮೇಲೂ ಪುಡಿ ಧೂಳು. ಉತ್ತರದ ವಿಮಾನಗಳು ತಡವಾಗುತ್ತವೆ. ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕ, ಲಂಡನ್‌ನಿಂದ ಬಂದವರಿಂದ ಅಕ್ರಾ ತುಂಬಿ ತುಳುಕುತ್ತದೆ. ರೂಮಿನ ರೇಟು ಕೇಳುವ ಹಾಗಿಲ್ಲ.

ಹವಾಮಾನದಲ್ಲಿ ಸೆನೆಗಲ್ ಗೆಲ್ಲುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಡಕಾರ್‌ನಲ್ಲಿ ಸಮುದ್ರದಿಂದ ತಣ್ಣನೆ ಗಾಳಿ. ಸಂಜೆ ನಾನು ಸ್ವೆಟರ್ ಹಾಕಿಕೊಂಡಿದ್ದೇನೆ. ಮಳೆ ಜುಲೈನಿಂದ ಅಕ್ಟೋಬರ್, ಆಗ ಮಾತ್ರ ಬೇಡ. ಸೆನೆಗಲ್ ಜನ ಹೆಚ್ಚೂಕಡಿಮೆ ಎಲ್ಲರೂ ಮುಸ್ಲಿಮರು. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಸಣ್ಣ ಹೋಟೆಲುಗಳು ಮುಚ್ಚಿರುತ್ತವೆ, ದಿನಾಂಕ ನೋಡಿಕೊಂಡು ಹೋಗಿ. ಘಾನಾದಲ್ಲಿ ಅದೇ ಕಥೆ ಭಾನುವಾರಕ್ಕೆ. ಬೆಳಿಗ್ಗೆ ಇಡೀ ಊರು ಚರ್ಚಿನಲ್ಲಿ ಇರುತ್ತದೆ.

ದುಡ್ಡು

ಘಾನಾದ ದುಡ್ಡು ಸೆಡಿ, ಅದು ಜೋಕಾಲಿ ಇದ್ದ ಹಾಗೆ. 2022ರಲ್ಲಿ ಅದು ಎಷ್ಟು ಬಿತ್ತು ಅಂದರೆ ಆ ಡಿಸೆಂಬರ್‌ನಲ್ಲಿ ಹಣದುಬ್ಬರ ಶೇಕಡಾ 54 ಮುಟ್ಟಿತು. 2025ರಲ್ಲಿ ಮತ್ತೆ ಚೇತರಿಸಿಕೊಂಡಿತು. ಆದ್ದರಿಂದ ಯಾವುದೋ ಹಳೇ ಲೇಖನದ ಬೆಲೆ ನೋಡಿ ಬಜೆಟ್ ಹಾಕಬೇಡಿ. ಡಾಲರ್ ಒಯ್ದು ಸ್ವಲ್ಪ ಸ್ವಲ್ಪವೇ ಬದಲಾಯಿಸಿ. ಮಡಚಿದ, ಕಲೆಯಾದ ನೋಟು ಬೇಡ ಅಂತಾರೆ.

ಸೆನೆಗಲ್‌ನಲ್ಲಿ ಸಿಎಫ್‌ಎ ಫ್ರಾಂಕ್. ಒಂದು ಯೂರೋಗೆ 655.957 ಫ್ರಾಂಕ್ ಅಂತ ಕಟ್ಟಿಹಾಕಿದ್ದಾರೆ, ಅಲ್ಲಾಡುವುದಿಲ್ಲ. ಯೂರೋ ಒಯ್ದರೆ ಲೆಕ್ಕ ಸುಲಭ. ಇದೇ ನೋಟು ಕೋತ್ ದಿವಾರ್, ಬೆನಿನ್, ಟೋಗೋ ಸೇರಿ ಎಂಟು ದೇಶಗಳಲ್ಲಿ ನಡೆಯುತ್ತದೆ. ಒಟ್ಟು ಖರ್ಚು ಎಲ್ಲಿ ಜಾಸ್ತಿ ಅಂದರೆ, ನನ್ನ ಅನುಭವದಲ್ಲಿ ಡಕಾರ್‌ನಲ್ಲಿ ರೂಮು ಮತ್ತು ಊಟ ದುಬಾರಿ. ಅಕ್ರಾದಲ್ಲಿ ಒಳ್ಳೆ ರೂಮು ದುಬಾರಿ, ಬೀದಿ ಊಟ ಅಗ್ಗ. ಎರಡೂ ಕಡೆ ಜನ ಮೊಬೈಲ್‌ನಲ್ಲೇ ದುಡ್ಡು ಕೊಡುತ್ತಾರೆ. ನಮ್ಮ ಯುಪಿಐ ಅಭ್ಯಾಸಕ್ಕೆ ಕೈ ತುರಿಸುತ್ತದೆ. ಆದರೆ ಹತ್ತು ದಿನಕ್ಕೆ ಬಂದವರಿಗೆ ನಗದೇ ಗತಿ.

ಓಡಾಟ

ಅಕ್ರಾದ ಟ್ರೊಟ್ರೊ ಹತ್ತದೆ ಬಂದರೆ ಘಾನಾ ನೋಡಿದ ಹಾಗೆ ಅಲ್ಲ. ಹಳೇ ವ್ಯಾನು. ಬಾಗಿಲಲ್ಲಿ ನೇತಾಡುವ ಹುಡುಗನಿಗೆ "ಮೇಟ್" ಅಂತಾರೆ. ಅವನು "ಸರ್ಕ್ ಸರ್ಕ್ ಸರ್ಕ್" ಅಂತ ಕೂಗುತ್ತಾನೆ. ಎನ್‌ಕ್ರೂಮಾ ಸರ್ಕಲ್‌ಗೆ ಹೋಗುತ್ತೆ ಅಂತ ಅರ್ಥ, ಥೇಟ್ ನಮ್ಮ "ಮೆಜೆಸ್ಟಿಕ್ ಮೆಜೆಸ್ಟಿಕ್". ಸೀಟುಗಳ ಮಧ್ಯದ ಓಣಿಯಲ್ಲೂ ಮಡಚುವ ಸೀಟು ಇರುತ್ತದೆ. ಹಿಂದಿನವರು ಇಳಿಯಬೇಕಾದರೆ ಓಣಿಯವರೆಲ್ಲ ಎದ್ದು, ಸೀಟು ಮಡಚಿ, ಕೆಳಗಿಳಿದು, ಮತ್ತೆ ಹತ್ತಬೇಕು. ಯಾರೂ ಗೊಣಗುವುದಿಲ್ಲ. ದುಡ್ಡು ಹಿಂದಿನಿಂದ ಕೈಯಿಂದ ಕೈಗೆ ಮುಂದೆ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಇಳಿಯಬೇಕಾದಾಗ "ಬಸ್ ಸ್ಟಾಪ್" ಅಂತ ಕೂಗಿದರೆ ಆಯಿತು. ಹಿಂದಿನ ಗಾಜಿನ ಮೇಲೆ ದೇವರ ಸಾಲು ಬರೆದಿರುತ್ತದೆ, ನಮ್ಮ ಲಾರಿಗಳ ಹಿಂದೆ "ತಾಯಿಯ ಆಶೀರ್ವಾದ" ಇದ್ದ ಹಾಗೆ. ಚೀಲ ಜಾಸ್ತಿ ಇದ್ದರೆ, ಕತ್ತಲಾಗಿದ್ದರೆ ಇದು ಬೇಡ. ಉಬರ್, ಬೋಲ್ಟ್, ಯಾಂಗೋ ಎಲ್ಲ ಇವೆ.

ದೂರದ ಊರಿಗೆ ಎಸಿ ಬಸ್ಸು ಇವೆ. ಅಕ್ರಾದಿಂದ ಕೇಪ್ ಕೋಸ್ಟ್ ಸುಮಾರು 145 ಕಿ.ಮೀ. ಕೇಳಲು ಹತ್ತಿರ, ಆದರೆ ದಾರಿಯಲ್ಲಿ ಕಸೋವಾ ಅನ್ನುವ ಊರಿನ ಟ್ರಾಫಿಕ್ಕು ನಮ್ಮ ಸಿಲ್ಕ್ ಬೋರ್ಡ್‌ನ ಅಣ್ಣ. ಬೆಳಿಗ್ಗೆ ಆರಕ್ಕೇ ಹೊರಡಿ. ಕುಮಾಸಿ ಸುಮಾರು 250 ಕಿ.ಮೀ. ಉತ್ತರದ ಟಮಾಲೆಗೆ ಬಸ್ಸಿನಲ್ಲಿ ಇಡೀ ದಿನ ಬೇಕು, ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ.

ಡಕಾರ್‌ನ ವಿಮಾನ ನಿಲ್ದಾಣ 2017ರಿಂದ ಊರಾಚೆಗೆ ಹೋಗಿದೆ, ಸುಮಾರು 45 ಕಿ.ಮೀ. ದೇವನಹಳ್ಳಿ ಕಥೆಯೇ. ಊರೊಳಗೆ ಮಾತ್ರ ಓಡಾಟ ಅಕ್ರಾಗಿಂತ ಸಲೀಸು. 2021ರ ಕೊನೆಗೆ ಹೊಸ ರೈಲು ಬಂತು, 2024ರಲ್ಲಿ ಪ್ರತ್ಯೇಕ ದಾರಿಯ ಎಲೆಕ್ಟ್ರಿಕ್ ಬಸ್ಸು ಬಂತು. ಬಿಳೀ ಮಿನಿ ಬಸ್ಸುಗಳಿಗೆ ಜನ ಕರೆಯುವುದು "ಟಾಟಾ" ಅಂತ. ಹೌದು, ನಮ್ಮ ಟಾಟಾನೇ. ಹಿಂದಿ ಸಿನಿಮಾ ಹುಚ್ಚೂ ಅಲ್ಲಿ ಜೋರು. ಭಾರತದವನು ಅಂತ ಗೊತ್ತಾದ ಮೇಲೆ ಒಬ್ಬ ಟ್ಯಾಕ್ಸಿ ಡ್ರೈವರ್ ನನಗೆ ಇಡೀ ದಾರಿ ಶಾರುಖ್ ಹಾಡು ಹೇಳಿದ. ಬಾಡಿಗೆಯಲ್ಲಿ ಒಂದು ಫ್ರಾಂಕೂ ಬಿಡಲಿಲ್ಲ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮವರ ಅರ್ಧ ಭಯ ಊಟದ್ದೇ.

ಘಾನಾದ ಫುಫು ನೋಡಿದರೆ ಮುದ್ದೆ ನೆನಪಾಗದೆ ಇರದು. ಮರಗೆಣಸು ಮತ್ತು ಬಾಳೆಕಾಯಿ ಬೇಯಿಸಿ, ಒರಳಲ್ಲಿ ಹಾಕಿ, ಒಬ್ಬರು ಒನಕೆಯಲ್ಲಿ ಕುಟ್ಟುತ್ತಾರೆ, ಇನ್ನೊಬ್ಬರು ಏಟು ಏಟಿನ ನಡುವೆ ಕೈ ಹಾಕಿ ತಿರುಗಿಸುತ್ತಾರೆ. ಮೊದಲ ಸಲ ನೋಡಿದಾಗ ಬೆರಳು ಹೋಯಿತು ಅಂತಲೇ ಅಂದುಕೊಂಡೆ. ಬಲಗೈಯಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ಮಂಡ್ಯದ ಕಡೆಯ ಒಬ್ಬ ಗೆಳೆಯ ಮೊದಲ ದಿನವೇ ಸಲೀಸಾಗಿ ನುಂಗಿದ್ದು ನೋಡಿ ಹೋಟೆಲಿನ ಅಮ್ಮ ಚಪ್ಪಾಳೆ ತಟ್ಟಿದರು. ಮೆಕ್ಕೆಜೋಳದ ಹಿಟ್ಟು ಹುಳಿ ಬರಿಸಿ ಮಾಡುವ ಬಂಕು, ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ ಕೆಂಕೆ ಇವೂ ಇದೇ ಜಾತಿ. ಕೆಂಕೆ ಹುಳಿ ಕಡುಬಿನ ಹಾಗೆ, ರುಚಿ ಹತ್ತಲು ಸ್ವಲ್ಪ ದಿನ ಬೇಕು.

ತೊಂದರೆ ಇರುವುದು ಸಾರಿನಲ್ಲಿ. ಮಾಂಸದ ತುಂಡು ತೆಗೆದರೆ "ವೆಜಿಟೇರಿಯನ್" ಆಯಿತು ಅನ್ನುವುದು ಅಲ್ಲಿನ ಲೆಕ್ಕ. ಕಪ್ಪು ಖಾರದ ಚಟ್ನಿ ಶಿಟೊ ನೋಡಲು ನಮ್ಮದೇ ಅನ್ನಿಸುತ್ತದೆ, ಒಳಗೆ ಒಣ ಮೀನಿನ ಪುಡಿ ಇರುತ್ತದೆ. ಹಾಗಾಗಿ ಕೇಳುವಾಗ "ವೆಜ್ಜಾ" ಅನ್ನಬೇಡಿ. "ಮೀನಿಲ್ಲ, ಮಾಂಸ ಇಲ್ಲ, ಮೀನಿನ ಪುಡಿ ಇಲ್ಲ, ಕೋಳಿ ಕ್ಯೂಬ್ ಇಲ್ಲ" ಅಂತ ಒಂದೊಂದೇ ಹೆಸರು ಹಿಡಿದು ಕೇಳಿ. ಹಾಗೆ ಕೇಳಿದರೆ ಸಿಗುವುದು ಕಡಿಮೆಯೇನಲ್ಲ. ರೆಡ್ ರೆಡ್ ಅಂದರೆ ತಾಳೆ ಎಣ್ಣೆಯಲ್ಲಿ ಮಾಡಿದ ಅಲಸಂದೆ ಗೊಜ್ಜು, ಪಕ್ಕದಲ್ಲಿ ಕರಿದ ಹಣ್ಣುಬಾಳೆ. ಕೆಲೆವೆಲೆ ಅಂದರೆ ಶುಂಠಿ, ಮೆಣಸು ಹಚ್ಚಿ ಕರಿದ ಬಾಳೆ, ಸಂಜೆ ಹೊತ್ತು ರಸ್ತೆ ಬದಿಯಲ್ಲಿ ಬಿಸಿಬಿಸಿ. ವಾಚೆ ಅಂದರೆ ಅನ್ನ ಅಲಸಂದೆ ಒಟ್ಟಿಗೆ ಬೇಯಿಸಿದ್ದು. ಬಿಳಿಜೋಳದ ಎಲೆ ಹಾಕುವುದರಿಂದ ಕೆಂಪು ಬಣ್ಣ ಬರುತ್ತದೆ. ಕೆಲವರು ಇನ್ನೂ ಎಲೆಯಲ್ಲೇ ಕಟ್ಟಿಕೊಡುತ್ತಾರೆ. ಇವೆಲ್ಲ ಸಾಕಾದರೆ ಅಕ್ರಾದಲ್ಲಿ ಭಾರತೀಯ ಹೋಟೆಲು, ತೊಗರಿಬೇಳೆ, ಆಟಾ ಎಲ್ಲ ಸಿಗುತ್ತವೆ. ಸಿಂಧಿ ವ್ಯಾಪಾರಿಗಳು ಸ್ವಾತಂತ್ರ್ಯಕ್ಕೂ ಮುಂಚೆಯೇ ಅಲ್ಲಿ ಅಂಗಡಿ ಹಾಕಿದವರು. ಒಂದು ಹಿಂದೂ ಮಠವೂ ಇದೆ. ಕಟ್ಟಿದವರು ಘಾನಾದವರೇ ಆದ ಸ್ವಾಮಿ ಘನಾನಂದ ಸರಸ್ವತಿ. ಅಲ್ಲಿ ಭಜನೆ ಹೇಳುವವರೂ ಹೆಚ್ಚಾಗಿ ಘಾನಾದವರೇ.

ಮೀನು ತಿನ್ನುವವರಾದರೆ ಈ ಭಾಗದಲ್ಲಿ ಸೆನೆಗಲ್‌ಗೆ ಪೂರ್ತಿ ಅಂಕ. ಚೆಬುಜೆನ್ ಅಂದರೆ ಮೀನು, ತರಕಾರಿ, ಟೊಮೆಟೊ ಹಾಕಿದ ಅನ್ನ. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಒಂದೇ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂರುತ್ತಾರೆ. ನಿಮ್ಮ ಮುಂದಿನ ಭಾಗದಿಂದ ಮಾತ್ರ ತಿನ್ನಬೇಕು. ಮನೆಯವರು ಒಳ್ಳೆ ಮೀನಿನ ತುಂಡು ಬಿಡಿಸಿ ನಿಮ್ಮ ಕಡೆಗೆ ತಳ್ಳುತ್ತಲೇ ಇರುತ್ತಾರೆ. ಊಟದ ಮೇಲೆ ಅತ್ತಾಯ ಅನ್ನುವ ಚಹಾ, ಮೂರು ಸುತ್ತು. ಮೊದಲನೆಯದು ಕಹಿ, ಬರಬರುತ್ತಾ ಸಿಹಿ. ಗಂಟೆಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಬೇಡಿ.

ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟ. ತರಕಾರಿಯೂ ಮೀನಿನ ಜೊತೆಯೇ ಬೆಂದಿರುತ್ತದೆ. ಬೆಳಿಗ್ಗೆ ಉದ್ದ ಬ್ರೆಡ್ಡಿನೊಳಗೆ ಅಲಸಂದೆ ಪಲ್ಯ ತುಂಬಿ ಕೊಡುವ ನ್ದಂಬೆ ಇದೆ, ಅದು ನನ್ನನ್ನು ಬದುಕಿಸಿತು. ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ: "ಸಾಂ ವಿಯಾಂದ್, ಸಾಂ ಪುವಾಸೋಂ". ಮಾಂಸ ಬೇಡ, ಮೀನು ಬೇಡ.

ನೋಡೋದು ಏನು

ಎರಡೂ ದೇಶಗಳಿಗೆ ಜನ ಹೋಗುವ ಒಂದು ಕಾರಣ ಗುಲಾಮರ ವ್ಯಾಪಾರದ ಜಾಗಗಳು. ಡಕಾರ್‌ನಿಂದ ಫೆರಿಯಲ್ಲಿ 20 ನಿಮಿಷ ಹೋದರೆ ಗೋರೆ ದ್ವೀಪ. ಮಂಡೇಲಾ, ಪೋಪ್ ಜಾನ್ ಪಾಲ್ ಎಲ್ಲ ಬಂದು ಹೋದ ಜಾಗ. ವಾಹನ ಇಲ್ಲದ ಓಣಿ, ಕೆಂಪು ಗೋಡೆ, ಕಾಗದದ ಹೂವಿನ ಬಳ್ಳಿ, ತುಂಬ ಚಂದ. ಅಲ್ಲಿನ ಗುಲಾಮರ ಮನೆಯಿಂದ ಎಷ್ಟು ಜನರನ್ನು ಸಾಗಿಸಿದರು ಅನ್ನುವ ಬಗ್ಗೆ ಇತಿಹಾಸಕಾರರಲ್ಲಿ ಜಗಳ ಇದೆ. ನೆನಪಿನ ಜಾಗವಾಗಿ ಅದು ದೊಡ್ಡದು, ವ್ಯಾಪಾರದ ಜಾಗವಾಗಿ ಅಷ್ಟು ದೊಡ್ಡದಲ್ಲ ಅನ್ನುತ್ತಾರೆ.

ಘಾನಾದ ಕೋಟೆಗಳ ಬಗ್ಗೆ ಆ ಅನುಮಾನ ಇಲ್ಲ. ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಲು ಶುರು ಮಾಡಿದರು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ, ಅದಕ್ಕೂ ಮುಂಚೆ. 1637ರಲ್ಲಿ ಡಚ್ಚರು ಕಿತ್ತುಕೊಂಡರು. ಅಲ್ಲಿಂದ ಸ್ವಲ್ಪ ದೂರದಲ್ಲೇ ಬ್ರಿಟಿಷರ ಕೇಪ್ ಕೋಸ್ಟ್ ಕೋಟೆ. ಗಂಡಸರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಗೆ ಇಳಿಜಾರಿನಲ್ಲಿ ಇಳಿಯಬೇಕು. ಗೈಡ್ ದೀಪ ಆರಿಸುತ್ತಾರೆ. ಮೇಲೆ ಅಂಗೈಯಗಲದ ಕಿಂಡಿ. ಆಮೇಲೆ ಹೊರಗೆ ಕರೆತಂದು ತಲೆ ಎತ್ತಿ ನೋಡಿ ಅನ್ನುತ್ತಾರೆ: ಸರಿಯಾಗಿ ಆ ನೆಲಮಾಳಿಗೆಯ ಮೇಲೆಯೇ ಚರ್ಚು. ನಮ್ಮ ಗುಂಪಿನಲ್ಲಿ ಅಮೆರಿಕದಿಂದ ಬಂದ ಒಬ್ಬ ಅಜ್ಜಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು, ಯಾರೂ ಎಬ್ಬಿಸಲಿಲ್ಲ. ಗುಲಾಮರನ್ನು ಹಡಗಿಗೆ ಸಾಗಿಸುತ್ತಿದ್ದ "ಹಿಂದಿರುಗದ ಬಾಗಿಲು" ತೆರೆದರೆ ಆಚೆ ಕಡೆ ಬಣ್ಣಬಣ್ಣದ ದೋಣಿ, ಬಲೆ ಹೆಣೆಯುವವರು, ಚೆಂಡಾಡುವ ಹುಡುಗರು. ತಿರುಗಿ ನೋಡಿದರೆ ಅದೇ ಬಾಗಿಲ ಹೊರಬದಿಗೆ "ಹಿಂದಿರುಗುವ ಬಾಗಿಲು" ಅಂತ ಬೋರ್ಡು. ಇದನ್ನೊಂದೇ ನೋಡಲು ಹೋಗುವುದಾದರೆ ಘಾನಾ.

ಅದೇ ದಾರಿಯಲ್ಲಿ ಕಾಕುಮ್ ಕಾಡು. ಮರಗಳ ನೆತ್ತಿಯಲ್ಲಿ ಏಳು ಹಗ್ಗದ ಸೇತುವೆ, ಒಟ್ಟು ಸುಮಾರು 350 ಮೀಟರ್. ತಲೆ ಸುತ್ತುವವರು ಕೆಳಗೇ ಕಾಯಿರಿ. ಕುಮಾಸಿಯಲ್ಲಿ ಅಶಾಂತಿ ಜನಾಂಗದ ರಾಜರ ಅರಮನೆ ಮ್ಯೂಸಿಯಂ ಇದೆ. ಬ್ರಿಟಿಷರು ಒಯ್ದಿದ್ದ ಚಿನ್ನದ ವಸ್ತುಗಳಲ್ಲಿ ಕೆಲವು 2024ರಲ್ಲಿ ಲಂಡನ್ ಮ್ಯೂಸಿಯಂಗಳಿಂದ ಅಲ್ಲಿಗೆ ಬಂದವು. ವಾಪಸ್ ಕೊಟ್ಟಿದ್ದಲ್ಲ, ಸಾಲವಾಗಿ ಕೊಟ್ಟಿದ್ದು! ಹತ್ತಿರದ ಬೊನ್‌ವಿರೆಯಲ್ಲಿ ಕೆಂಟೆ ಬಟ್ಟೆ ನೇಯುವವರ ಮಗ್ಗ ನೋಡಿ. ಅಂಗೈಯಗಲದ ಪಟ್ಟಿ ನೇಯ್ದು, ಆಮೇಲೆ ಒಂದಕ್ಕೊಂದು ಸೇರಿಸಿ ಹೊಲಿಯುತ್ತಾರೆ. ಇಳಕಲ್ ಮಗ್ಗ ನೋಡಿದವರಿಗೆ ಅದು ಆಟದ ಸಾಮಾನಿನ ಹಾಗೆ ಕಾಣುತ್ತದೆ, ಕೈ ಓಡುವ ವೇಗ ಮಾತ್ರ ಆಟವಲ್ಲ. ಆನೆ ನೋಡಲು ಉತ್ತರದ ಮೋಲೆ ಇದೆ. ಬಂಡೀಪುರ, ನಾಗರಹೊಳೆ ಇರುವ ನಮಗೆ ಅಷ್ಟು ದೂರ ಬೇಕಾ? ಸಮಯ ಕಡಿಮೆ ಇದ್ದರೆ ಬಿಡಿ.

ಸೆನೆಗಲ್‌ನಲ್ಲಿ ನನಗೆ ಇಷ್ಟವಾದದ್ದು ಎರಡು. ಒಂದು, ಉತ್ತರದ ಸೇಂಟ್ ಲೂಯಿ. ನದಿ ನಡುವಿನ ದ್ವೀಪದ ಹಳೇ ಊರು, 1897ರ ಕಬ್ಬಿಣದ ಸೇತುವೆ, ಕುದುರೆ ಗಾಡಿ. ಇನ್ನೊಂದು ಫಾದಿಯೂತ್. ಚಿಪ್ಪುಗಳೇ ತುಂಬಿ ಆದ ದ್ವೀಪ. ಕಾಲಿಟ್ಟಲ್ಲೆಲ್ಲ ಕರಕರ ಸದ್ದು. ಅಲ್ಲಿನ ಸ್ಮಶಾನದಲ್ಲಿ ಕ್ರೈಸ್ತರು, ಮುಸ್ಲಿಮರು ಒಟ್ಟಿಗೇ ಮಲಗಿದ್ದಾರೆ. ಗುಲಾಬಿ ಸರೋವರ ಅಂತ ಫೋಟೋ ತೋರಿಸಿ ಕರೆಯುತ್ತಾರೆ. 2022ರ ನೆರೆಯಲ್ಲಿ ಆ ಬಣ್ಣ ಹೋಗಿತ್ತು. ಈಗಿನ ಫೋಟೋ ಕೇಳಿ, ಆಮೇಲೆ ಟ್ಯಾಕ್ಸಿ ಹಿಡಿಯಿರಿ.

ಉಳಿದ ಸಣ್ಣಪುಟ್ಟ

ಸೆನೆಗಲ್‌ನ ಪೂರ್ವದಲ್ಲಿ ಮಾಲಿ ಗಡಿ, ಘಾನಾದ ಮೇಲ್ತುದಿಯಲ್ಲಿ ಬುರ್ಕಿನಾ ಫಾಸೊ ಗಡಿ ಮತ್ತು ಬಾಕು ಊರು, ಈ ಕಡೆಗಳಿಗೆ ಹೋಗಬೇಡಿ. ಎರಡೂ ಸಮುದ್ರ ತೀರಗಳಲ್ಲಿ ನೀರಿನ ಸೆಳೆತ ಜೋರು. ಘಾನಾದಲ್ಲಿ ಮಿಲಿಟರಿ ಡಿಸೈನಿನ ಪ್ಯಾಂಟು ಶರ್ಟು ಹಾಕುವುದು ಕಾನೂನಿಗೆ ವಿರುದ್ಧ, ಮಗನ ಕಾರ್ಗೋ ಪ್ಯಾಂಟನ್ನೂ ಮನೆಯಲ್ಲೇ ಬಿಡಿ. ಎಡಗೈಯಲ್ಲಿ ದುಡ್ಡು ಕೊಡುವುದು ಅಲ್ಲೂ ತಪ್ಪು, ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನೀವು ಹುಟ್ಟಿದ ವಾರ ತಿಳಿದುಕೊಂಡು ಹೋಗಿ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರ ಹುಟ್ಟಿದ ಹೆಣ್ಣು ಅಮಾ. ಕೋಫಿ ಅನ್ನಾನ್ ಹೆಸರು ಬಂದಿದ್ದೂ ಹೀಗೇ. ವಾರ ಹೇಳಿದ ಕೂಡಲೇ ನಿಮಗೊಂದು ಹೆಸರು ಬೀಳುತ್ತದೆ, ಹೋಗುವ ತನಕ ಅದೇ.

ನಮ್ಮ ಎರಡು ಪಿನ್ನಿನ ಚಾರ್ಜರ್ ಸೆನೆಗಲ್‌ನಲ್ಲಿ ನಡೆಯುತ್ತದೆ. ಘಾನಾದಲ್ಲಿ ಹೆಚ್ಚಾಗಿ ಬ್ರಿಟಿಷರ ಚೌಕ ಪಿನ್ನು, ಒಂದು ಅಡಾಪ್ಟರ್ ಬೇಕು. ಗಡಿಯಾರ ಎರಡೂ ಕಡೆ ನಮಗಿಂತ ಐದೂವರೆ ಗಂಟೆ ಹಿಂದೆ. ಅಮ್ಮನಿಗೆ ಫೋನ್ ಮಾಡುವುದಾದರೆ ಅಲ್ಲಿನ ಮಧ್ಯಾಹ್ನವೇ ಮಾಡಿ. ಆ ಹಳದಿ ಕಾರ್ಡನ್ನು ಸೂಟ್‌ಕೇಸಿನ ತಳದಲ್ಲಿ ಹಾಕಬೇಡಿ, ಪಾಸ್‌ಪೋರ್ಟ್ ಒಳಗೇ ಸಿಕ್ಕಿಸಿಡಿ. ವಾಪಸ್ ಬಂದು ಬೆಂಗಳೂರಿನಲ್ಲಿ ಇಳಿದಾಗ ಲಗೇಜು ಸಿಗುವ ಮುಂಚೆಯೇ ಅದನ್ನು ಕೇಳುತ್ತಾರೆ.